ಮೂರು ಲಕ್ಷ ದಾಟಿದ ಫೋರ್ ಬೈ ಫೋರ್ ಕೊಂಡ ಕಥೆ

ಮೂರು ಲಕ್ಷ ಕಿಲೋಮೀಟರ್ ದಾಟಿದ ಗಾಡಿಯನ್ನು ಕೊಳ್ಳುತ್ತೇನೆ ಎಂದಾಗ ಪರಿಚಯದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಎಂಜಿನ್ ಇನ್ನೆಷ್ಟು ದಿನ ಬಂದೀತು? ನನಗೆ ಆ ಚಿಂತೆ ಅಷ್ಟಾಗಿ ಇರಲಿಲ್ಲ. ಹೊತ್ತುಹೊತ್ತಿಗೆ ಆಯಿಲ್ ಬದಲಿಸಿಕೊಂಡು ಬಂದ ಹಳೆಯ ಕಾಲದ ಡೀಸೆಲ್ ಎಂಜಿನ್‌ಗೆ ಮೂರು ಲಕ್ಷ ದೊಡ್ಡ ವಯಸ್ಸೇನಲ್ಲ. ಹದಿನೇಳು ವರ್ಷದ ಗಾಡಿ 3,40,000 ಕಿಲೋಮೀಟರ್ ಓಡಿದೆ ಎಂದರೆ ವರ್ಷಕ್ಕೆ 20,000 ಆಯಿತು. ದುಡಿಯುವ ಗಾಡಿಗೆ ಇದು ಸಹಜವಾದ ಲೆಕ್ಕ. ನಾನು ಹೆದರಿದ್ದು ಓಡದೆ ಉಳಿದ ಭಾಗಗಳಿಗೆ. ಫೋರ್ ಬೈ ಫೋರ್ ಎಂದರೆ ಬೇಕೆಂದಾಗ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಕೊಡುವ ಗಾಡಿ. ಇಂಥ ಗಾಡಿಯಲ್ಲಿ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ದಿನವೂ ದುಡಿಯುತ್ತವೆ. ಮುಂದಿನ ಆಕ್ಸಲ್, ಅದಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್‌ನ ಲಿವರ್, ಮುಂದಿನ ಚಕ್ರವನ್ನು ಆಕ್ಸಲ್‌ಗೆ ಸೇರಿಸುವ ಇಲ್ಲವೇ ಬಿಡಿಸುವ, ಚಕ್ರದ ನಡುವಿನ ಹಬ್ ಮಾತ್ರ ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತವೆ. ಅವುಗಳಿಗೆ ಆಯಿಲ್ ಬೇಕು, ಗ್ರೀಸ್ ಬೇಕು ಎಂಬುದು ಎಷ್ಟೋ ಮಾಲೀಕರಿಗೆ ನೆನಪಾಗುವುದೇ ಇಲ್ಲ. ಕೆಸರಿನಲ್ಲಿ ಸಿಕ್ಕಿಬಿದ್ದ ದಿನ ಲಿವರ್ ಎಳೆದರೆ ಅದು ಅಲ್ಲಾಡುವುದಿಲ್ಲ.

ನಾನು ಹುಡುಕುತ್ತಿದ್ದದ್ದು ಪ್ರತ್ಯೇಕ ಚಾಸಿಸ್ ಮೇಲೆ ಬಾಡಿ ಕೂರಿಸಿದ, ಹಿಂದೆ ಮುಂದೆ ಎರಡೂ ಕಡೆ ಇಡಿಯಾದ ಆಕ್ಸಲ್ ಇರುವ, ಕೈಯಲ್ಲಿ ತಿರುಗಿಸಿ ಲಾಕ್ ಮಾಡುವ ಹಬ್‌ಗಳ ಹಳೆಯ ಮಾದರಿ. ಗುಂಡಿ ಒತ್ತಿದರೆ ಮೋಟಾರು ತಿರುಗಿ ಫೋರ್ ಬೈ ಫೋರ್ ಬೀಳುವ ಗಾಡಿಗಳು ಹೊಸದಿರುವಾಗ ಸುಖ. ಹದಿನೈದು ವರ್ಷ ಕಳೆದ ಮೇಲೆ ಆ ಮೋಟಾರು, ಅದರ ಸೆನ್ಸರ್, ಅದರ ವೈರು ಒಂದೊಂದೂ ಒಂದೊಂದು ತಲೆನೋವು. ಇದು ನನ್ನ ಅಭಿಪ್ರಾಯ. ಬೇರೆಯವರ ಅನುಭವ ಬೇರೆ ಇರಬಹುದು.

ಮೊದಲು ನೋಡಲು ಹೋದದ್ದು ಕಡಿಮೆ ಓಡಿದ ಗಾಡಿಯನ್ನೇ. ಮೀಟರಿನಲ್ಲಿ 1,10,000 ಇತ್ತು. ಬಣ್ಣ ಹೊಳೆಯುತ್ತಿತ್ತು, ಸೀಟಿಗೆ ಹೊಸ ಕವರ್, ಸ್ಟಿಯರಿಂಗ್‌ಗೂ ಹೊಸ ಕವರ್. ಕವರ್ ಸರಿಸಿ ನೋಡಿದರೆ ಸ್ಟಿಯರಿಂಗ್ ಚಕ್ರದ ಅಂಚು ನುಣ್ಣಗೆ ಸವೆದಿತ್ತು. ಕ್ಲಚ್ ಪೆಡಲಿನ ರಬ್ಬರು ಒಂದು ಮೂಲೆಯಲ್ಲಿ ಲೋಹ ಕಾಣುವಷ್ಟು ತೆಳ್ಳಗಾಗಿತ್ತು. ಪಕ್ಕದ ಬ್ರೇಕ್ ಪೆಡಲಿಗೆ ಮಾತ್ರ ಹೊಚ್ಚಹೊಸ ರಬ್ಬರು. ಚಾಲಕನ ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆಳೆದಾಗ ಅಂಚಿನ ದಾರಗಳು ಎದ್ದು ನಿಂತಿದ್ದವು. ಮೀಟರನ್ನು ಹಿಂದಕ್ಕೆ ತಿರುಗಿಸುವವರು ಬೆಲ್ಟ್ ಬದಲಿಸುವ ಗೋಜಿಗೆ ಸಾಮಾನ್ಯವಾಗಿ ಹೋಗುವುದಿಲ್ಲ.

ಅದಕ್ಕಿಂತ ಅನುಮಾನ ಹುಟ್ಟಿಸಿದ್ದು ಅಡಿಭಾಗ. ಚಾಸಿಸ್‌ಗೆ ಈಗಷ್ಟೇ ದಪ್ಪನೆಯ ಕಪ್ಪು ಲೇಪ ಬಳಿದಿದ್ದರು. ತುಕ್ಕು ತಡೆಯಲು ಲೇಪ ಹಾಕುವುದು ಒಳ್ಳೆಯದೇ. ಮಾರುವ ಮುಂಚಿನ ವಾರದಲ್ಲಿ ಹಾಕಿದರೆ ಅದು ತುಕ್ಕಿನ ಮೇಲೆ ಹೊದಿಸಿದ ಮುಸುಕು. ಚಾಸಿಸ್‌ನ ಉಕ್ಕಿನ ತೊಲೆ ಒಳಗೆ ಟೊಳ್ಳು. ಕೆಸರು, ನೀರು ಒಳಗೆ ಸೇರಿಕೊಂಡು ಅದು ಒಳಗಿನಿಂದಲೇ ತಿನ್ನಿಸಿಕೊಳ್ಳುತ್ತದೆ. ಹಿಂದಿನ ಆಕ್ಸಲ್ ಮೇಲ್ಗಡೆ ಚಾಸಿಸ್ ಬಾಗುವ ಜಾಗ, ಸ್ಪ್ರಿಂಗ್ ಕೂರುವ ಬ್ರಾಕೆಟ್, ಬಾಡಿ ಮೌಂಟ್‌ಗಳ ಸುತ್ತ ಇವು ಮೊದಲು ಹೋಗುತ್ತವೆ. ನನ್ನ ಜೊತೆ ಬಂದಿದ್ದ ಹಿರಿಯ ಮೆಕ್ಯಾನಿಕ್ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರು. ಮುಂಭಾಗದಲ್ಲಿ ಟಣ್ ಟಣ್ ಎಂದು ಮೊಳಗುತ್ತಿದ್ದ ಸದ್ದು ಹಿಂದಿನ ಚಕ್ರದ ಹತ್ತಿರ ಒಡೆದ ಮಡಕೆಯ ಸದ್ದಾಯಿತು. ಅವರು ಮತ್ತೆ ಅಲ್ಲಿಗೆ ತಟ್ಟಲಿಲ್ಲ. ತೂತು ಬಿದ್ದರೆ ಮಾತಿಗೆ ಮಾತು ಬೆಳೆಯುತ್ತದೆ.

“ಕಾಡುಮೇಡು ನೋಡಿಯೇ ಇಲ್ಲ ಸರ್, ಬರೀ ಟಾರು ರಸ್ತೆ,” ಎಂದರು ಮಾರುವವರು. ಟ್ರಾನ್ಸ್‌ಫರ್ ಕೇಸ್ ಕೆಳಗಿನ ರಕ್ಷಾಫಲಕ ಕಲ್ಲು ಬಡಿದು ಎರಡು ಕಡೆ ಒಳಕ್ಕೆ ಕುಸಿದಿತ್ತು. ಅವರ ಒಪ್ಪಿಗೆ ಪಡೆದು ಮುಂದಿನ ಡಿಫರೆನ್ಷಿಯಲ್‌ನ, ಅಂದರೆ ಆಕ್ಸಲ್‌ನಲ್ಲಿ ಎರಡೂ ಚಕ್ರಗಳಿಗೆ ಬಲ ಹಂಚುವ ಗೇರು ಪೆಟ್ಟಿಗೆಯ, ಮೇಲಿನ ಪ್ಲಗ್ ಬಿಚ್ಚಿ ಬೆರಳು ಅದ್ದಿದೆವು. ಬೆರಳಿಗೆ ಬಂದದ್ದು ಬೂದು ಮಿಶ್ರಿತ ಬಿಳಿಯ ನೊರೆ. ಆಯಿಲ್ ಜೊತೆ ನೀರು ಬೆರೆತು ಕಡೆದಾಗ ಮಾತ್ರ ಹಾಗಾಗುತ್ತದೆ. ಬಿಸಿಯಾಗಿದ್ದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಗಾಳಿಯಾಡುವ ಕಿಂಡಿಯಾದ ಬ್ರೀದರ್ ಮೂಲಕವೋ ಸವೆದ ಸೀಲಿನ ಮೂಲಕವೋ ನೀರನ್ನು ಎಳೆದುಕೊಳ್ಳುತ್ತದೆ. ಟಾರು ರಸ್ತೆಯಲ್ಲಿ ಆಕ್ಸಲ್ ಮುಳುಗುವಷ್ಟು ನೀರು ಎಲ್ಲಿಂದ ಬಂತು ಎಂದು ಕೇಳಲು ಮನಸ್ಸಾಯಿತು. ಕೇಳಲಿಲ್ಲ.

ಆಮೇಲೆ ನೋಡಿದ ಕೆಲವನ್ನು ವಿವರಿಸುವ ಅಗತ್ಯವಿಲ್ಲ. ಒಂದರ ಚಾಸಿಸ್ ನಂಬರಿನ ಸುತ್ತ ಹೊಸ ವೆಲ್ಡಿಂಗ್ ಇತ್ತು, ಅಲ್ಲಿಗೇ ಮಾತು ಮುಗಿಯಿತು. ಇನ್ನೊಂದರ ಮಾಲೀಕರಿಗೆ “ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ” ಎಂದು ಫೋನಿನಲ್ಲಿ ಹೇಳಿದ್ದೆ. ಹೋಗಿ ಬಾನೆಟ್ ಮುಟ್ಟಿದಾಗ ಬೆಚ್ಚಗಿತ್ತು. “ಬೆಳಿಗ್ಗೆ ಸ್ವಲ್ಪ ಹೊರಗೆ ಹೋಗಿದ್ದೆ” ಎಂದರು. ಇರಬಹುದು. ಆದರೂ ಡೀಸೆಲ್ ಎಂಜಿನ್ ತನ್ನ ಕಾಯಿಲೆಯನ್ನು ಬಾಯಿಬಿಟ್ಟು ಹೇಳುವುದು ತಣ್ಣಗಿರುವಾಗಿನ ಮೊದಲ ಒಂದೆರಡು ನಿಮಿಷದಲ್ಲಿ. ಆ ನಿಮಿಷಗಳನ್ನು ಮುಚ್ಚಿಟ್ಟವರ ಹತ್ತಿರ ಉಳಿದದ್ದನ್ನು ನೋಡುವುದರಲ್ಲಿ ಅರ್ಥವಿಲ್ಲ.

ಕೊನೆಗೆ ಕೊಂಡ ಗಾಡಿಯ ಮಾಲೀಕರು ನಿವೃತ್ತ ಭೂಮಾಪಕರು. ಮೀಟರಿನಲ್ಲಿ 3,40,000 ದಾಟಿತ್ತು, ಬಣ್ಣ ಮಾಸಿತ್ತು, ಬಾಗಿಲ ಮೇಲೆ ಮುಳ್ಳುಕಂಟಿ ಗೀರಿದ ಗೆರೆಗಳು ಉದ್ದಕ್ಕೂ ಇದ್ದವು. ಆ ಗೀರುಗಳಿಂದ ನನಗೆ ಬೇಸರವೇನೂ ಆಗಲಿಲ್ಲ. ಗಾಡಿ ಎಲ್ಲಿ ದುಡಿದಿದೆ ಎಂಬುದನ್ನು ಅವು ಮುಚ್ಚಿಟ್ಟಿರಲಿಲ್ಲ.

ಎಂಜಿನ್ ಬ್ಲಾಕಿಗೆ ಕೈ ಇಟ್ಟೆವು; ತಣ್ಣಗಿತ್ತು. ರೇಡಿಯೇಟರ್ ಮುಚ್ಚಳ ತೆಗೆದು ಕೂಲಂಟ್ ನೋಡಿದೆವು; ಬಣ್ಣ ಸ್ವಚ್ಛವಾಗಿತ್ತು, ಮೇಲೆ ಆಯಿಲ್ ಪೊರೆ ಇರಲಿಲ್ಲ. ಆಯಿಲ್ ಕಡ್ಡಿ ಎಳೆದಾಗ ಆಯಿಲ್ ಕಡುಕಪ್ಪು. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೂಡ ಬೇಗನೆ ಕಪ್ಪಾಗುತ್ತದೆ, ಅದಕ್ಕೆ ಗಾಬರಿ ಬೇಡ. ಕೀಲಿ ತಿರುಗಿಸಿ ಹೀಟರ್ ದೀಪ ಆರುವ ತನಕ ಕಾದು ಸ್ಟಾರ್ಟ್ ಮಾಡಿದೆ. ಎರಡನೆಯ ಸುತ್ತಿಗೇ ಹತ್ತಿಕೊಂಡಿತು. ಮೆಕ್ಯಾನಿಕ್ ಸೈಲೆನ್ಸರ್ ಹಿಂದೆ ನಿಂತಿದ್ದರು. ಒಂದಿಷ್ಟು ಬಿಳಿ ಹೊಗೆ ಬಂದು ಸ್ವಲ್ಪ ಹೊತ್ತಿಗೆ ನಿಂತಿತು. ತಣ್ಣನೆಯ ಎಂಜಿನ್ನಿನಲ್ಲಿ ಪೂರ್ತಿ ಉರಿಯದ ಡೀಸೆಲ್ ಅದು. ಬಿಳಿ ಹೊಗೆ ನಿಲ್ಲದೆ ಬರುತ್ತಾ ಸಿಹಿ ವಾಸನೆ ಬೆರೆತಿದ್ದರೆ ಕೂಲಂಟ್ ಉರಿಯುತ್ತಿದೆ ಎಂದರ್ಥ. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ. ಭಾರ ಬಿದ್ದಾಗ ದಟ್ಟ ಕಪ್ಪು ಕಾರಿದರೆ ಗಾಳಿಗಿಂತ ಡೀಸೆಲ್ ಹೆಚ್ಚಾಗಿದೆ; ಏರ್ ಫಿಲ್ಟರ್, ಇಂಜೆಕ್ಟರ್, ಟರ್ಬೊ ಮೂರರಲ್ಲಿ ಯಾವುದರದೋ ತಕರಾರು.

ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು, ಬೋರಲಾಗಿ ಅದೇ ಬಾಯಿಯ ಮೇಲೆ ಇಟ್ಟರು. ಪಿಸ್ಟನ್ ರಿಂಗ್ ಸವೆದಿದ್ದರೆ ಸಿಲಿಂಡರಿನ ಒತ್ತಡ ಕೆಳಗೆ ಸೋರಿ ಮುಚ್ಚಳವನ್ನು ಕುಣಿಸಿ ಆಚೆ ಎಸೆಯುತ್ತದೆ. ಗ್ಯಾರೇಜಿನವರು ಇದನ್ನೇ ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಇಲ್ಲಿ ಮುಚ್ಚಳ ನಡುಗುತ್ತಿತ್ತು, ಜಾಗ ಬಿಡಲಿಲ್ಲ. “ಈ ಓಟಕ್ಕೆ ಇಷ್ಟು ಇರಲೇಬೇಕು. ಸ್ವಲ್ಪವೂ ಅಲುಗದಿದ್ದರೆ ನನಗೆ ಅನುಮಾನ ಬರುತ್ತಿತ್ತು,” ಎಂದರು ಮೆಕ್ಯಾನಿಕ್. ರೇಡಿಯೇಟರಿನ ಮೇಲಿನ ಪೈಪನ್ನು ನಾನು ಹಿಚುಕುತ್ತಲೇ ಇದ್ದೆ. ನೀರು ಬಿಸಿಯಾಗುವ ಮೊದಲೇ ಅದು ಬಿಗಿದು ಕಲ್ಲಾದರೆ ಸಿಲಿಂಡರಿನ ಗ್ಯಾಸ್ ಕೂಲಂಟಿಗೆ ನುಗ್ಗುತ್ತಿದೆ ಎಂದು ತಿಳಿಯಬೇಕು. ಇವೆರಡನ್ನೂ ಬೇರೆಯಾಗಿಡುವ ಹೆಡ್ ಗ್ಯಾಸ್ಕೆಟ್ ಹೋಗಿರುತ್ತದೆ. ಇದು ಮೆತ್ತಗೇ ಇತ್ತು.

ಎಂಜಿನ್ನಿನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಯಿಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಎಂದು ಕೇಳಿದೆ. ಆಗ ಹೊರಬಂತು ಒಂದು ಪುಸ್ತಕ. ಭೂಮಾಪಕರಿಗೆ ಅಳತೆ ಪುಸ್ತಕ ಬರೆಯುವ ಅಭ್ಯಾಸ ಬಿಟ್ಟಿರಲಿಲ್ಲ. ಉದ್ದನೆಯ ಗೆರೆ ಪುಸ್ತಕ, ಎಡಗಡೆ ತಾರೀಖು, ನಡುವೆ ಮೀಟರಿನ ಅಂಕಿ, ಬಲಗಡೆ ಕೆಲಸ. ಒಂದು ಸಾಲು ಹೀಗಿತ್ತು: “2,61,400. ಮುಂದಿನ ಡಿಫರೆನ್ಷಿಯಲ್ ಆಯಿಲ್. ಪ್ಲಗ್ ವಾಷರ್ ಹೊಸದು.” ಡಿಫರೆನ್ಷಿಯಲ್ ಪ್ಲಗ್‌ನ ವಾಷರಿನ ಲೆಕ್ಕ ಇಟ್ಟವರನ್ನು ನಾನು ಈವರೆಗೆ ಕಂಡಿರಲಿಲ್ಲ. ಟೈಮಿಂಗ್ ಬೆಲ್ಟ್ ಮೂರು ಸಲ ಬದಲಾಗಿತ್ತು, ಪ್ರತಿ ಸಲವೂ ಟೆನ್ಷನರ್ ಸಮೇತ. ಪುಟ ತಿರುಗಿಸುತ್ತಾ ಹೋದಂತೆ ಪದೇಪದೇ ಒಂದು ಸಾಲು ಕಣ್ಣಿಗೆ ಬಿತ್ತು: “ಫೋರ್ ವೀಲ್ ಹಾಕಿ ನಡೆಸಿದೆ. ಲೋ ಕೂಡ. ಸರಿ ಇದೆ.” ಲೋ ಎಂದರೆ ವೇಗ ತಗ್ಗಿಸಿ ಎಳೆಯುವ ಬಲ ಹೆಚ್ಚಿಸುವ ಗೇರು. ಕೆಲಸವಿರಲಿ ಬಿಡಲಿ, ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮಣ್ಣಿನ ಹಾದಿಯಲ್ಲಿ ಅವರು ಲಿವರ್ ಎಳೆದು ಸ್ವಲ್ಪ ದೂರ ಓಡಿಸುತ್ತಿದ್ದರು. ಮುಂದಿನ ಡಿಫರೆನ್ಷಿಯಲ್‌ನ ಆಯಿಲ್ ಮೇಲೆ ಚಿಮ್ಮಿ ಗೇರುಗಳಿಗೂ ಬೇರಿಂಗಿಗೂ ಸೀಲಿಗೂ ತಗಲುವುದು ಹೀಗೆ ತಿರುಗಿದಾಗ ಮಾತ್ರ. ಪುಸ್ತಕ ಓದುವಾಗಲೇ ನನ್ನ ಮನಸ್ಸು ಅರ್ಧ ಒಪ್ಪಿಬಿಟ್ಟಿತ್ತು. ಮೆಕ್ಯಾನಿಕ್ ಮಾತ್ರ ಪುಸ್ತಕ ಮುಟ್ಟದೆ ಗಾಡಿಯ ಕೆಳಗೆ ತೂರಿದರು. ಪುಸ್ತಕ ಯಾರು ಬೇಕಾದರೂ ಬರೆಯಬಹುದಲ್ಲ.

ಚಾಸಿಸ್ ಮೇಲೆ ಅಲ್ಲಲ್ಲಿ ಹಳದಿ ಮಿಶ್ರಿತ ತುಕ್ಕಿನ ಪುಡಿ ಇತ್ತು, ಪದರ ಎದ್ದಿರಲಿಲ್ಲ. ಸುತ್ತಿಗೆಯ ಸದ್ದು ಉದ್ದಕ್ಕೂ ಒಂದೇ ತೆರನಾಗಿತ್ತು. ಮುಂದಿನ ಎಡ ಮೂಲೆಯಿಂದ ಹಿಂದಿನ ಬಲ ಮೂಲೆಗೆ, ಮತ್ತೆ ಬಲದಿಂದ ಎಡಕ್ಕೆ ಟೇಪ್ ಹಿಡಿದು ಅಳೆದೆವು. ಎರಡೂ ಕರ್ಣ ಸಮನಾಗಿ ಬಂದವು. ಅಪಘಾತದಲ್ಲಿ ಚಾಸಿಸ್ ಸೊಟ್ಟಗಾಗಿದ್ದರೆ ಇಲ್ಲೇ ತಿಳಿಯುತ್ತದೆ. ಅಳೆಯಲು ಮಾಲೀಕರೇ ಉತ್ಸಾಹದಿಂದ ಟೇಪಿನ ಇನ್ನೊಂದು ತುದಿ ಹಿಡಿದರು.

ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಇಳಿಸಿ, ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಚಿದರು. ಹಿಂದಿನದರಲ್ಲಿ ಕೊಂಚ ಆಟ, ಅಂದರೆ ಸಡಿಲು ಇತ್ತು; ಶಾಫ್ಟಿನ ಕೀಲಾದ ಕ್ರಾಸ್ ಬದಲಿಸುವ ಹೊತ್ತು ಹತ್ತಿರ ಬಂದಿದೆ ಎಂದರು. ಎರಡೂ ಡಿಫರೆನ್ಷಿಯಲ್‌ಗಳ ಮೇಲಿನ ಪ್ಲಗ್ ಬಿಚ್ಚಿದರು. ಈ ಕೆಲಸದಲ್ಲಿ ಒಂದು ಕ್ರಮ ತಪ್ಪಬಾರದು: ಆಯಿಲ್ ತುಂಬುವ ಮೇಲಿನ ಪ್ಲಗ್ ಬಿಚ್ಚಿಕೊಂಡ ಮೇಲೆಯೇ ಕೆಳಗಿನದಕ್ಕೆ ಕೈ ಹಾಕಬೇಕು. ಕೆಳಗಿನದನ್ನು ತೆಗೆದು ಆಯಿಲ್ ಎಲ್ಲ ಹರಿಸಿದ ಮೇಲೆ ಮೇಲಿನದು ಜಪ್ಪಯ್ಯ ಎಂದರೂ ಬಿಚ್ಚದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಬೆರಳಿಗೆ ಬಂದ ಆಯಿಲ್ ಕಂದು ಬಣ್ಣದ್ದು, ಬಿಸಿಲಿಗೆ ಹಿಡಿದರೆ ಹೊಳೆಯುವ ಚೂರುಗಳಿರಲಿಲ್ಲ. ಪ್ಲಗ್‌ನ ಅಯಸ್ಕಾಂತಕ್ಕೆ ಅಂಟಿದ್ದ ಬೂದು ಬಣ್ಣದ ನುಣ್ಣನೆಯ ಲೋಹದ ಪುಡಿ ಸಹಜವೇ. ಚೂಪಾದ ಲೋಹದ ತುಣುಕು ಅಂಟಿದ್ದರೆ ಮಾತು ಬೇರೆ.

ಬಲಗಡೆಯ ಮುಂದಿನ ಚಕ್ರದ ಹತ್ತಿರ ಅವರು ಹೆಚ್ಚು ಹೊತ್ತು ಕೂತರು. ಇಡಿಯಾದ ಮುಂದಿನ ಆಕ್ಸಲ್ ಇರುವ ಕೆಲವು ಗಾಡಿಗಳಲ್ಲಿ ಆಕ್ಸಲ್‌ನ ತುದಿಗೆ ನುಣುಪಾದ ಉಕ್ಕಿನ ಗೋಳವಿರುತ್ತದೆ. ಚಕ್ರ ಎಡಬಲಕ್ಕೆ ತಿರುಗುವುದು ಆ ಗೋಳದ ಸುತ್ತ. ಅದರೊಳಗೆ ಗ್ರೀಸಿನಲ್ಲಿ ಹೂತು, ಚಕ್ರ ಹೊರಳಿದಾಗಲೂ ಅದಕ್ಕೆ ಬಲ ಮುಟ್ಟಿಸುವ ಸಿ.ವಿ. ಜಾಯಿಂಟ್ ಕೂತಿರುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಗೋಳದ ಮೇಲ್ಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿದರು. ಎಡಗಡೆ ಒರೆಸಿದಾಗ ಬಟ್ಟೆಗೆ ಕಪ್ಪು ಗ್ರೀಸಿನ ತೆಳು ಪಟ್ಟೆ ಹತ್ತಿತ್ತು, ಅದು ಆರೋಗ್ಯದ ಲಕ್ಷಣ. ಬಲಗಡೆ ಬಟ್ಟೆ ತೊಯ್ದು ತೊಪ್ಪೆಯಾಯಿತು. ಮೂಸಿ ನೋಡಿದರೆ ಗಂಧಕದ ಘಾಟು, ಗೇರ್ ಆಯಿಲ್‌ನದೇ. ಆಕ್ಸಲ್‌ನ ಒಳಸೀಲು ಸೋರಿ ಡಿಫರೆನ್ಷಿಯಲ್‌ನ ಆಯಿಲ್ ಗೋಳದೊಳಕ್ಕೆ ಇಳಿದಿದೆ, ಗ್ರೀಸನ್ನು ಕರಗಿಸಿದೆ. ಜಾಯಿಂಟಿಗೆ ಬೇಕಾದ ದಪ್ಪ ಗ್ರೀಸ್ ಹೋಗಿ ತೆಳು ಗಂಜಿಯಂಥದ್ದು ಉಳಿದಿದೆ. ಸೀಲಿನ ಬೆಲೆ ಅಲ್ಪ. ಆದರೆ ಅದನ್ನು ತಲುಪಲು ಹಬ್, ಬ್ರೇಕ್, ಬೇರಿಂಗ್ ಎಲ್ಲವನ್ನೂ ಕಳಚಬೇಕು.

ಜಾಕ್ ಎತ್ತಿ ಅದೇ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಸಣ್ಣ ಆಟವೂ ಸಿಕ್ಕಿತು. ನನಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲುಗಿಸಿದರು. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ಚಕ್ರದ ಬೇರಿಂಗ್ ಸಡಿಲ. ಹಾಗೇ ಉಳಿದರೆ ಗೋಳದ ಮೇಲಿನ ಕಿಂಗ್‌ಪಿನ್ ಬೇರಿಂಗ್ ಸವೆದಿದೆ. ಆಟ ಹಾಗೇ ಉಳಿಯಿತು. ಚಕ್ರ ಎತ್ತಿದ್ದಾಗಲೇ ಹಬ್‌ನ ಗುಂಡಿಯನ್ನು ಫ್ರೀ ಇಂದ ಲಾಕ್‌ಗೆ ತಿರುಗಿಸಿದೆ. ಬೆರಳಿನ ಬಲಕ್ಕೇ ತಿರುಗಿತು. ಫ್ರೀ ಇದ್ದಾಗ ಹಗುರಾಗಿ ಸುತ್ತುತ್ತಿದ್ದ ಚಕ್ರ ಲಾಕ್ ಆದಾಗ ಆಕ್ಸಲನ್ನೂ ಜೊತೆಗೆ ಎಳೆಯುವ ಭಾರ ಕೈಗೆ ತಿಳಿಯಿತು. ಪುಸ್ತಕದಲ್ಲಿ ಬರೆದದ್ದು ಸುಳ್ಳಲ್ಲ ಎನಿಸಿದ್ದು ಆಗ.

ಟೈರುಗಳನ್ನು ನೋಡುವುದು ಮೇಲಿನ ತೋಡುಗಳ ಆಳಕ್ಕಾಗಿ ಮಾತ್ರವಲ್ಲ. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ; 3619 ಎಂದರೆ 2019ರ ಮೂವತ್ತಾರನೆಯ ವಾರ. ನಾಲ್ಕೂ ಒಂದೇ ಅಳತೆ, ಒಂದೇ ಕಾಲದವು, ಹೆಚ್ಚುಕಡಿಮೆ ಒಂದೇ ಸಮ ಸವೆದವು. ಬೇಕಾದಾಗ ಮಾತ್ರ ಹಾಕುವ, ಪಾರ್ಟ್ ಟೈಮ್ ಎನ್ನುವ ಫೋರ್ ಬೈ ಫೋರ್‌ನಲ್ಲಿ ಇದು ಮುಖ್ಯ. ಲಿವರ್ ಎಳೆದಾಗ ಮುಂದಿನ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳು ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ಟೈರಿನ ಸುತ್ತಳತೆ ಬೇರೆಬೇರೆ ಇದ್ದರೆ ಆ ವ್ಯತ್ಯಾಸವನ್ನು ಗೇರುಗಳು ತಮ್ಮ ಮೈಮೇಲೆ ತೆಗೆದುಕೊಳ್ಳಬೇಕಾಗುತ್ತದೆ. ಒಣ ಟಾರು ರಸ್ತೆಯಲ್ಲಿ ಫೋರ್ ಬೈ ಫೋರ್ ಹಾಕಬಾರದು ಎನ್ನುವುದಕ್ಕೂ ಇದೇ ಕಾರಣ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗುತ್ತವೆ. ಮಣ್ಣಿನಲ್ಲಾದರೆ ಟೈರು ಜಾರಿ ಸರಿಹೋಗುತ್ತದೆ. ಟಾರಿನ ಮೇಲೆ ಜಾರುವುದಿಲ್ಲ, ತಿರುಚು ಒಳಗೇ ಕಟ್ಟಿಕೊಂಡು ಲಿವರ್ ಸಿಕ್ಕಿಹಾಕಿಕೊಳ್ಳುತ್ತದೆ.

ಓಡಿಸಿ ನೋಡಲು ಮೊದಲು ಟಾರು ರಸ್ತೆಗೆ ಹೋದೆವು. ಎರಡನೆಯ ಗೇರಿಗೆ ಇಳಿಸುವಾಗ ಒಂದಿಷ್ಟು ಕರಕರ. ಗೇರುಗಳ ವೇಗ ಹೊಂದಿಸುವ ಸಿಂಕ್ರೋ ಸವೆದಿದೆ, ನಿಧಾನಕ್ಕೆ ಹಾಕಿದರೆ ಸದ್ದಿಲ್ಲ. ಎತ್ತರದ ಗೇರಿನಲ್ಲಿ ಆಕ್ಸಿಲರೇಟರ್ ಒಮ್ಮೆಲೇ ಒತ್ತಿದಾಗ ಎಂಜಿನ್ ವೇಗ ಹಾರಿ ಗಾಡಿ ಹಿಂದುಳಿಯಲಿಲ್ಲ, ಅಂದರೆ ಕ್ಲಚ್ ಜಾರುತ್ತಿಲ್ಲ. ಹಿಂದಿನಿಂದ ಸಣ್ಣ ಊಳು ಕೇಳುತ್ತಿತ್ತು. ಆಕ್ಸಿಲರೇಟರ್ ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡಿದೆ. ಒತ್ತಿದಾಗ ಬಿಟ್ಟಾಗ ದನಿ ಬದಲಾದರೆ ಡಿಫರೆನ್ಷಿಯಲ್, ತಿರುವಿನಲ್ಲಿ ಬದಲಾದರೆ ಚಕ್ರದ ಬೇರಿಂಗ್ ಎಂಬುದು ವಾಡಿಕೆಯ ಲೆಕ್ಕ. ಇದು ಎರಡಕ್ಕೂ ಬಗ್ಗಲಿಲ್ಲ. ಒರಟು ಟೈರಿನದೇ ಸದ್ದು ಎಂದು ಮೆಕ್ಯಾನಿಕ್ ತೀರ್ಪು ಕೊಟ್ಟರು.

ಆಮೇಲೆ ಸಡಿಲ ಮಣ್ಣಿನ ಏರು. ಇಳಿದು ಎರಡೂ ಹಬ್ ಲಾಕ್ ಮಾಡಿ ಮಾಮೂಲು ವೇಗದ ಫೋರ್ ಹೈಗೆ ಎಳೆದೆ. ತುಸು ಮುಂದೆ ಉರುಳಿದ ಮೇಲೆ ಕಚ್ಚಿಕೊಂಡಿತು, ದೀಪ ಹತ್ತಿತು. ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ಮುರಿದು ನಿಧಾನ ಸುತ್ತಿದಾಗ ಬಲಗಡೆಯಿಂದ ಕಟ್ ಕಟ್ ಎಂಬ ಸದ್ದು. ಗ್ರೀಸ್ ಕಳೆದುಕೊಂಡ ಜಾಯಿಂಟಿನದೇ. ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ ಫೋರ್ ಲೋಗೆ ಹಾಕಿದೆ. ಮೊದಲ ಗೇರಿನಲ್ಲಿ ಕಾಲು ತೆಗೆದರೂ ಏರನ್ನು ಹತ್ತುತ್ತಾ ಹೋಯಿತು. ನಿಜವಾದ ಪರೀಕ್ಷೆ ಇಳಿಜಾರಿನದು. ಲೋನಲ್ಲಿ ಇಳಿಯುವಾಗ ಗಾಡಿಯ ಭಾರವೆಲ್ಲ ಗೇರುಗಳನ್ನು ಉಲ್ಟಾ ತಳ್ಳುತ್ತದೆ. ಟ್ರಾನ್ಸ್‌ಫರ್ ಕೇಸ್ ಸವೆದಿದ್ದರೆ ಆಗ ಲಿವರ್ ತಾನೇ ನ್ಯೂಟ್ರಲ್‌ಗೆ ಹಾರಿ ಎಂಜಿನ್ನಿನ ಹಿಡಿತ ತಪ್ಪಿ ಗಾಡಿ ಸಲೀಸಾಗಿ ಉರುಳತೊಡಗುತ್ತದೆ. ಬಲಗಾಲನ್ನು ಬ್ರೇಕಿನ ಮೇಲೆ ತಯಾರಾಗಿಟ್ಟುಕೊಂಡು, ಕೈಯನ್ನು ಲಿವರಿನ ಮೇಲೆ ಒತ್ತದೆ ಸುಮ್ಮನೆ ತಗಲಿಸಿಕೊಂಡು ಇಳಿದೆ. ಲಿವರ್ ನಡುಗುತ್ತಿತ್ತು, ಜಾಗದಲ್ಲೇ ಇತ್ತು. ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ ಬಿಟ್ಟು ಕೆಣಕಿದೆ. ಆಗಲೂ ಹಾರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತಿದ್ದ ಮಾಲೀಕರು ಕಿಟಕಿಯ ಹೊರಗೆ ನೋಡುತ್ತಿದ್ದರು. ಅವರಿಗೆ ಆತಂಕವೇನೂ ಇದ್ದಂತಿರಲಿಲ್ಲ.

ಒಳಾಂಗಣ, ಎ.ಸಿ., ದೀಪಗಳ ಪರೀಕ್ಷೆ ಬೇಗ ಮುಗಿಯಿತು. ಕಾರ್ಪೆಟ್ ಎತ್ತಿ ಸೀಟಿನ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ, ಟೇಲ್ ಲ್ಯಾಂಪಿನೊಳಗೆ ಕೆಸರಿನ ಗೆರೆ ಇದೆಯೇ ಎಂದು ನೋಡಿದ್ದು ಪ್ರವಾಹದ ನೀರಿನಲ್ಲಿ ನಿಂತ ಗಾಡಿಯಲ್ಲ ಎಂದು ಖಾತ್ರಿಪಡಿಸಿಕೊಳ್ಳಲು. ಚಾಸಿಸ್ ನಂಬರನ್ನೂ ಎಂಜಿನ್ ನಂಬರನ್ನೂ ಕಾಗದದ ಜೊತೆ ಒಂದೊಂದೇ ಅಂಕಿ ಓದಿ ಹೊಂದಿಸಿದೆವು. ಸಾಲದ ಬಾಕಿ ಇಲ್ಲ ಎಂಬ ಪತ್ರವಿತ್ತು.

ಚೌಕಾಸಿಗೆ ನಾನು ದನಿ ಏರಿಸಲಿಲ್ಲ. ಮುಂದಿನ ಆಕ್ಸಲ್‌ನ ಎರಡೂ ಬದಿಯ ಸೀಲು, ಕಿಂಗ್‌ಪಿನ್ ಬೇರಿಂಗ್, ಹಿಂದಿನ ಶಾಫ್ಟ್‌ನ ಕ್ರಾಸ್, ಕೂಲಿ ಸೇರಿ ಎಷ್ಟಾಗುತ್ತದೆ ಎಂದು ಮೆಕ್ಯಾನಿಕ್ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಚೀಟಿಯನ್ನೂ ಒರೆಸಿದ ಬಟ್ಟೆಯನ್ನೂ ಮಾಲೀಕರ ಮುಂದಿಟ್ಟೆ. ಅವರು ಬಟ್ಟೆ ಮೂಸಿದರು, ಪುಸ್ತಕ ತೆರೆದು ಬಲಗಡೆಯ ಸೀಲು ಹಿಂದೆ ಯಾವಾಗ ಹಾಕಿಸಿದ್ದು ಎಂದು ಹುಡುಕಿದರು, “ಇದು ನನ್ನ ಖರ್ಚೇ” ಎಂದು ಚೀಟಿಯ ಮೊತ್ತವನ್ನು ಪೂರ್ತಿ ಕಳೆದರು. ಸಿಂಕ್ರೋದ ಬಗ್ಗೆ ಹೇಳಿದಾಗ ಮಾತ್ರ ಒಪ್ಪಲಿಲ್ಲ. “ಆ ಗೇರು ಹತ್ತು ವರ್ಷದಿಂದ ಹಾಗೇ ಇದೆ, ನಿಧಾನಕ್ಕೆ ಹಾಕಿ” ಎಂದರು. ನಾನೂ ಎಳೆಯಲಿಲ್ಲ.

ಗಾಡಿ ತಂದ ಮೇಲೆ ಪುಸ್ತಕದಲ್ಲಿ ಏನೇ ಇದ್ದರೂ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಡಿಫರೆನ್ಷಿಯಲ್ ಇಷ್ಟರ ಆಯಿಲ್, ಜೊತೆಗೆ ಬ್ರೇಕ್ ಆಯಿಲ್ ಮತ್ತು ಕೂಲಂಟ್ ಎಲ್ಲವನ್ನೂ ಬದಲಿಸಿದೆ. ಹಳೆಯ ಗಾಡಿಗೆ ಹೊಸ ಲೆಕ್ಕ ಶುರುವಾಗಬೇಕಾದದ್ದು ಅಲ್ಲಿಂದ. ಮುಂದಿನ ಆಕ್ಸಲ್ ಬಿಚ್ಚಿದಾಗ ಬಲಗಡೆಯ ಜಾಯಿಂಟಿನಲ್ಲಿ ಗುಂಡುಗಳು ಓಡುವ ಹಾದಿ ಒಂದು ಮಗ್ಗುಲಿಗೆ ಉಗುರು ತಗಲುವಷ್ಟು ಸವೆದಿತ್ತು. ಮುಂದಕ್ಕೆ ಓಡುವಾಗ ಭಾರ ಬೀಳುವುದು ಒಂದೇ ಮಗ್ಗುಲಿಗೆ. ಇನ್ನೊಂದು ಮಗ್ಗುಲು ಹೊಸದರಂತೆಯೇ ಇತ್ತು. ಎಡಬಲದ ಜಾಯಿಂಟುಗಳು ಒಂದೇ ತೆರನಾದ್ದರಿಂದ ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದರು. ಸವೆಯದ ಮಗ್ಗುಲು ಈಗ ಭಾರ ಹೊರುತ್ತದೆ. ಹೊಸ ಸೀಲು, ಹೊಸ ಗ್ರೀಸ್ ಹಾಕಿ ಮತ್ತೆ ಅದೇ ಮಣ್ಣಿನ ಜಾಗದಲ್ಲಿ ಪೂರ್ತಿ ತಿರುಗಿಸಿ ಸುತ್ತಿದಾಗ ಕಟ್ ಕಟ್ ನಿಂತಿತ್ತು. ಹೊಸ ಜೋಡಿ ಜಾಯಿಂಟು ಮುಂದೆಂದಾದರೂ ಬೇಕಾಗುತ್ತದೆ. ಸಿಂಕ್ರೋ ಕೆಲಸವನ್ನು ಕ್ಲಚ್ ಬದಲಿಸುವ ದಿನಕ್ಕೆ ಇಟ್ಟುಕೊಂಡಿದ್ದೇನೆ, ಗೇರ್‌ಬಾಕ್ಸ್ ಹೇಗೂ ಅಂದು ಕೆಳಗಿಳಿಯುತ್ತದೆ.